ಹಾಲಿನ ಲೋಟ

ಯಾವ ಸಿನಿಮಾ ಹಾಕಿದರೂ ನಮ್ಮ ಸೋದರತ್ತೆಯ ಮೊದಲ ಪ್ರಶ್ನೆ ಒಂದೇ: "ಕೊಲೆ ಮಾಡಿದ್ದು ಯಾರು ಹೇಳ್ಬಿಡೋ, ಆಮೇಲೆ ನಿಶ್ಚಿಂತೆಯಾಗಿ ನೋಡ್ತೀನಿ." ಹೇಳಿದರೆ ಮಜಾ ಕೆಡುತ್ತದೆಂದು ಬಹಳ ಕಾಲ ಬಾಯಿ ಬಿಡುತ್ತಿರಲಿಲ್ಲ. ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ನೋಡಿದ ದಿನ ಮಾತ್ರ ಕಾಟ ತಡೆಯಲಾರದೆ ಹೇಳಿಬಿಟ್ಟೆ. ನಿಶ್ಚಿಂತೆ ಎಲ್ಲಿಂದ ಬರಬೇಕು! ಒಂದು ಹಾಡೂ ಇಲ್ಲದ ಚಿತ್ರ, ಎದ್ದು ಹೋಗಿ ಒಲೆ ಮೇಲಿನ ಸಾರು ನೋಡಿಬರಲೂ ಬಿಡುವಿಲ್ಲ. ಗುಟ್ಟು ತಿಳಿದ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಏನೂ ತಿಳಿಯದ ಅವರ ಮೊಮ್ಮಗ ಪಕ್ಕದಲ್ಲೇ ಗೊರಕೆ ಹೊಡೆದ.

ಥ್ರಿಲ್ಲರ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಅತ್ತೆಯ ಪಕ್ಷದವನು. ಫ್ರಾನ್ಸಿನ ನಿರ್ದೇಶಕ ತ್ರೂಫೊ ಜೊತೆ 1962ರಲ್ಲಿ ಮಾತಾಡುತ್ತಾ ಅವನು ಕೊಟ್ಟ ಉದಾಹರಣೆ ಪ್ರಸಿದ್ಧ: ಮೇಜಿನ ಕೆಳಗೆ ಬಾಂಬು, ಮೇಲೆ ಹರಟೆ. ಅದು ದಿಢೀರನೆ ಸಿಡಿದರೆ ನಾವು ಬೆಚ್ಚುವುದು 15 ಸೆಕೆಂಡು. ಬಾಂಬಿದೆ ಎಂದು ನಮಗೆ ಮೊದಲೇ ತಿಳಿಸಿದರೆ 15 ನಿಮಿಷ ತಳಮಳ. ಆಗ ಎಂಥ ಒಣಹರಟೆಗೂ ಕಿವಿ ನಿಮಿರುತ್ತದೆ. ಈಗಿನ ಎಷ್ಟೋ ಥ್ರಿಲ್ಲರ್‌ಗಳು ಕೊನೆಯ ಹತ್ತು ನಿಮಿಷಕ್ಕೆ ಮೂರು ತಿರುವು ಕೂಡಿಟ್ಟು, ಅಲ್ಲಿಯವರೆಗೆ ಡೋಲು ಬಡಿದೇ ಹೆದರಿಸುತ್ತವೆ. ನನಗಂತೂ ಬರುವುದು ತಲೆನೋವು.

ಹಿಚ್‌ಕಾಕನಿಗೆ ಒಂದು ಲೋಟ ಹಾಲು ಸಾಕಾಗಿತ್ತು. ‘ಸಸ್ಪಿಷನ್’ (1941) ಚಿತ್ರದಲ್ಲಿ ಗಂಡ ತನ್ನನ್ನು ಕೊಲ್ಲುತ್ತಾನೆಂದು ಹೆಂಡತಿಗೆ ಅನುಮಾನ. ಗಂಡನಾದ ಕ್ಯಾರಿ ಗ್ರಾಂಟ್ ರಾತ್ರಿ ತಟ್ಟೆಯಲ್ಲಿ ಹಾಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾನೆ. ಅವಸರವಿಲ್ಲ. ಮುಖ ಕತ್ತಲಲ್ಲಿ, ಲೋಟ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ನಮ್ಮ ಕಣ್ಣು ಬೇರೆಲ್ಲೂ ಹೋಗದಿರಲೆಂದು ಹಾಲಿನೊಳಗೇ ಪುಟ್ಟ ಬಲ್ಬು ಇಡಿಸಿದ್ದನಂತೆ ಪುಣ್ಯಾತ್ಮ! ಚಿತ್ರದ ಕೊನೆ ಸಪ್ಪೆ. ಆದರೆ ಆ ಮೆಟ್ಟಿಲು ಹತ್ತುವುದನ್ನು ನಾನು ಹಿಂದೆ ಹೋಗಿ ಹಿಂದೆ ಹೋಗಿ ನೋಡಿದ್ದೇನೆ.

ಮೊನ್ನೆ ಅತ್ತೆಗೂ ತೋರಿಸಿದೆ. ಅಂದು ಅದೇಕೋ ಅವರು ಕೊನೆ ಏನೆಂದು ಕೇಳಲಿಲ್ಲ. ರಾತ್ರಿ ಎಂದಿನಂತೆ ಅರಿಶಿನದ ಹಾಲು ತೆಗೆದುಕೊಂಡು ಅವರ ಕೋಣೆಗೆ ಹೋದೆ. ಲೋಟ ನೋಡಿದರು, ನನ್ನ ಮುಖ ನೋಡಿದರು.

"ಅಲ್ಲಿಟ್ಟು ಹೋಗಪ್ಪ, ಆಮೇಲೆ ಕುಡೀತೀನಿ."

ಬೆಳಿಗ್ಗೆ ನೋಡಿದರೆ ಹಾಲು ಅಲ್ಲೇ ಕೆನೆಗಟ್ಟಿ ಕೂತಿತ್ತು.