ಬೆಂಗಳೂರು ಎಂದರೆ ಆಸ್ಪತ್ರೆಯಷ್ಟೇ ಅಲ್ಲ

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ. ತಾಯಂದಿರಿಗೆ? ಬೆಳಿಗ್ಗೆ ಶಾಲೆಯ ಡಬ್ಬಿ ಕಟ್ಟುವ ಕೆಲಸ ತಪ್ಪುತ್ತದೆ ನಿಜ. ಅದರ ಬದಲು ದಿನವಿಡೀ ಮನೆಯಲ್ಲಿರುವ ಮಕ್ಕಳಿಗೆ ಹೊತ್ತು ಹೊತ್ತಿಗೆ ಏನಾದರೂ ಮಾಡಿಕೊಡುವ ಕೆಲಸ ಸೇರಿಕೊಳ್ಳುತ್ತದೆ. ತವರಿಗೆ ಹೋದರೂ ಒಲೆ ಬದಲಾಗುತ್ತದೆಯೇ ಹೊರತು ಒಲೆಯ ಮುಂದೆ ನಿಲ್ಲುವುದು ತಪ್ಪುವುದಿಲ್ಲ.

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕು ತಾಲೂಕುಗಳ ನಮ್ಮ ಸಹೋದರಿಯರನ್ನು ಒಮ್ಮೆ ಕೇಳಿ ನೋಡಿ. "ಬೆಂಗಳೂರಿಗೆ ಹೋಗಿದ್ದೀರಾ?" ಎಂದರೆ "ಓ, ಎಷ್ಟೋ ಸಲ" ಎನ್ನುತ್ತಾರೆ. "ಯಾಕೆ ಹೋಗಿದ್ದು?" ಎಂದು ಕೇಳಿ. ಒಂದೋ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಲು, ಇಲ್ಲವೇ ಮದುವೆಯ ಜವಳಿಗೆ. ನಗರ ಇರುವುದು ನಮ್ಮೂರಿನಿಂದ ಹೆಚ್ಚೆಂದರೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ. ಗಂಡಸರು ವಾರಕ್ಕೆರಡು ಬಾರಿ ಹೋಗಿ ಬರುತ್ತಾರೆ. ಆದರೆ ಆಸ್ಪತ್ರೆಯ ಬೆಂಚಿನಿಂದ ಕಂಡ ಬೆಂಗಳೂರನ್ನು ಬಿಟ್ಟು ಬೇರೆ ಬೆಂಗಳೂರನ್ನು ಕಾಣದೆಯೇ ಮೊಮ್ಮಕ್ಕಳನ್ನು ಕಂಡ ಹೆಂಗಸರು ನನ್ನ ಪರಿಚಯದಲ್ಲೇ ಬಹಳ ಮಂದಿ ಇದ್ದಾರೆ.

ಹಾಗಾಗಿ ಈ ಬಾರಿ ಊಟಿ, ಕೊಡೈಕನಾಲ್ ಎಂದು ದೂರದ ಮಾತು ಬೇಡ. ಒಂದು ದಿನ ಬೆಂಗಳೂರಿಗೆ, ಇನ್ನೊಂದು ದಿನ ದೇವನಹಳ್ಳಿಗೆ ಹೊರಡಿ. ಎರಡಕ್ಕೂ ದೊಡ್ಡ ಖರ್ಚಿಲ್ಲ.

"ಮನೆಯಲ್ಲಿ ಕರೆದುಕೊಂಡು ಹೋಗುವವರು ಯಾರೂ ಇಲ್ಲ, ಮಹ್ರಮ್ ಇಲ್ಲದೆ ಹೋಗಬಹುದೇ?" ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಕೇಳಲೇಬೇಕಾದ ಪ್ರಶ್ನೆ. ಹನಫೀ ಮದ್‌ಹಬ್‌ನಲ್ಲಿ ಶರೀಅತ್ ಪ್ರಕಾರದ 'ಸಫರ್' ಎಂದರೆ ಮೂರು ದಿನಗಳ ಪ್ರಯಾಣ. ನಮ್ಮ ಉಲಮಾಗಳು ಅದನ್ನು ಸುಮಾರು 77-78 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ನಮಾಝನ್ನು ಕಸ್ರ್ ಮಾಡುವುದಕ್ಕೂ, ಮಹ್ರಮ್ ಜೊತೆಗಿರಬೇಕೆಂಬ ನಿಯಮಕ್ಕೂ ಅಳತೆ ಇದೇ. ಹೊಸಕೋಟೆಯಿಂದ ಲಾಲ್‌ಬಾಗ್‌ಗೆ ಹೋದವರು ಕಸ್ರ್ ಮಾಡುವಂತಿಲ್ಲ, ಝುಹ್ರ್ ನಾಲ್ಕು ರಕಅತ್ ಪೂರ್ತಿ ನಿರ್ವಹಿಸಬೇಕು. ಏಕೆಂದರೆ ಅವರು ಮುಸಾಫಿರ್ ಅಲ್ಲ. ಮುಸಾಫಿರ್ ಅಲ್ಲದವರಿಗೆ ಮುಸಾಫಿರಳ ನಿರ್ಬಂಧವನ್ನು ಮಾತ್ರ ಹೇರುವುದು ಯಾವ ನ್ಯಾಯ? ಕಾಲದ ಕೆಡುಕನ್ನು ನೋಡಿ ಹತ್ತಿರದ ಪ್ರಯಾಣಕ್ಕೂ ಎಚ್ಚರಿಕೆ ಹೇಳುವ ಉಲಮಾಗಳಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ನಾಲ್ಕೈದು ಮಂದಿ ಹೆಂಗಸರು ಸೇರಿ, ಮನೆಯವರಿಗೆ ತಿಳಿಸಿ, ಹಗಲಿನಲ್ಲಿ ಹೋಗಿ ಮಗ್ರಿಬ್‌ಗೆ ಮುಂಚೆ ಮರಳುವುದು ಆ ಎಚ್ಚರಿಕೆಯನ್ನೂ ಪಾಲಿಸಿದಂತೆಯೇ. ಶಾಫಿಈ ಮದ್‌ಹಬ್ ಅನುಸರಿಸುವ ಕರಾವಳಿಯ ಸಹೋದರಿಯರಿಗೆ ಇದರಲ್ಲಿ ಬೇರೆ ವಿವರಗಳಿವೆ, ಅವರು ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಲಿ. ಮಂಗಳೂರಿನಿಂದ ಬೆಂಗಳೂರಿಗೆ ಬಂದವರಿಗಂತೂ ಕಸ್ರ್ ಮತ್ತು ಜಮ್ಅ್‌ನ ಸೌಲಭ್ಯವಿದೆ, ಅದನ್ನು ಬಳಸಿಕೊಳ್ಳಿ.

ಇನ್ನು "ಸಂಸಾರಸ್ಥರಿಗೆ ಇದೆಲ್ಲ ಯಾಕೆ?" ಎನ್ನುವವರಿಗೆ ಆಯಿಶಾ(ರ)ರ ಘಟನೆಯನ್ನು ನೆನಪಿಸಿ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಅವರ ಜೊತೆ ಓಟದ ಪಂದ್ಯ ನಡೆಸಿದರು. ಮೊದಲ ಸಲ ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡ ಮೇಲೆ ಮತ್ತೆ ಪಂದ್ಯವಾಯಿತು, ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಸಮ ಎಂದು ನಗುತ್ತಾ ಹೇಳಿದರು. ಸಂಸಾರದಲ್ಲಿ ಆಟಕ್ಕೂ ನಗುವಿಗೂ ಸ್ಥಾನ ಕೊಟ್ಟ ಮನೆ ಅದು.

ಹೋಗುವುದು ಈಗ ಬಹಳ ಸುಲಭವಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ನಂತರ ಕರ್ನಾಟಕದ ಹೆಂಗಸರಿಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಆಧಾರ್ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಕಂಡಕ್ಟರೊಡನೆ ವಾದ ಮಾಡಿ ಪ್ರಯೋಜನವಿಲ್ಲ. ಹವಾನಿಯಂತ್ರಿತ ಬಸ್ಸುಗಳಿಗೆ ಈ ರಿಯಾಯಿತಿ ಇಲ್ಲ. ಹೊಸಕೋಟೆಯವರು ಕಾಡುಗೋಡಿಯ ತನಕ ಬಸ್ಸಿನಲ್ಲಿ ಹೋದರೆ ಅಲ್ಲಿಂದ ಮೆಟ್ರೋದ ನೇರಳೆ ಮಾರ್ಗ. 2023ರ ಅಕ್ಟೋಬರಿನಿಂದ ಅದು ಎಲ್ಲೂ ತುಂಡಾಗದೆ ಮೆಜೆಸ್ಟಿಕ್ ದಾಟಿ ಚಲ್ಲಘಟ್ಟದವರೆಗೆ ಓಡುತ್ತಿದೆ. ನೆಲಮಂಗಲದವರಿಗೆ ಇನ್ನೂ ಅನುಕೂಲ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದ ತನಕ ಬಂತು. ಅಲ್ಲಿ ಹತ್ತಿದರೆ ಕೆ.ಆರ್. ಮಾರುಕಟ್ಟೆ, ಲಾಲ್‌ಬಾಗ್ ಎರಡೂ ಅದೇ ಮಾರ್ಗದಲ್ಲಿ ಸಿಗುತ್ತವೆ, ಎಲ್ಲೂ ಬದಲಾಯಿಸಬೇಕಿಲ್ಲ. ದೊಡ್ಡಬಳ್ಳಾಪುರದವರಿಗೆ ರೈಲು ಇದೆ. ಮೆಟ್ರೋದಲ್ಲಿ ಟಿಕೆಟಿಗೆ ಹಣ ಕೊಡಬೇಕು, ಆದರೆ ಮಕ್ಕಳಿಗೆ ಆ ರೈಲೇ ಒಂದು ಪ್ರವಾಸ.

ಮೊದಲು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಸ್ವಲ್ಪ ನಡೆದರೆ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ. ಹೈದರಲಿ 1781ರಲ್ಲಿ ಇದನ್ನು ಕಟ್ಟಲು ಆರಂಭಿಸಿದರು, ಟಿಪ್ಪು 1791ರಲ್ಲಿ ಮುಗಿಸಿದರು. 'ರಶ್ಕೆ ಜನ್ನತ್' ಎಂದು ಇದಕ್ಕೆ ಹೆಸರು. ಸ್ವರ್ಗವೂ ಅಸೂಯೆಪಡುವಂಥದ್ದು ಎಂದರ್ಥ. ಅರಮನೆ ಎಂದಾಗ ಮೈಸೂರಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆಯಾದೀತು. ಇದು ತೇಗದ ಕಂಬಗಳ ಎರಡಂತಸ್ತಿನ ಕಟ್ಟಡ, ಅಷ್ಟೇ. ಆದರೆ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ತಂಪು. ಮಹಡಿಯ ಬಾಲ್ಕನಿಯಲ್ಲಿ ನಿಂತು ಸುಲ್ತಾನ್ ದರ್ಬಾರು ನಡೆಸುತ್ತಿದ್ದರು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನವಿದೆ. ಸುಲ್ತಾನರ ಮನೆಗೂ ದೇವಸ್ಥಾನಕ್ಕೂ ನಡುವೆ ಎಷ್ಟು ಹೆಜ್ಜೆ ಎಂದು ಮಕ್ಕಳಿಂದಲೇ ಎಣಿಸಿ. ಪಠ್ಯಪುಸ್ತಕದ ಜಗಳಗಳಿಗಿಂತ ಅದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಲ್ಲಿಂದ ಎರಡು ನಿಲ್ದಾಣ ಮುಂದೆ ಲಾಲ್‌ಬಾಗ್. 1760ರಲ್ಲಿ ಹೈದರಲಿ ನಲವತ್ತು ಎಕರೆಯಲ್ಲಿ ಹಾಕಿಸಿದ ತೋಟ ಇಂದು 240 ಎಕರೆ. ಟಿಪ್ಪು ಸುಲ್ತಾನರು ಪರ್ಷಿಯಾ, ಕಾಬೂಲ್, ಮಾರಿಷಸ್‌ಗಳಿಂದ ಗಿಡ, ಬೀಜಗಳನ್ನು ತರಿಸಿ ಬೆಳೆಸಿದರು. ಗಾಜಿನ ಮನೆ ಬಂದದ್ದು ಅವರ ಕಾಲದ ಬಹಳ ನಂತರ, 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಜನವರಿ 26 ಮತ್ತು ಆಗಸ್ಟ್ 15ರ ಸುಮಾರಿಗೆ ಫಲಪುಷ್ಪ ಪ್ರದರ್ಶನವಿರುತ್ತದೆ. ಎಲ್ಲರೂ ಆಗಲೇ ಹೋಗುತ್ತಾರೆ. ನನ್ನನ್ನು ಕೇಳಿದರೆ ಆಗ ಹೋಗಲೇಬೇಡಿ. ಹೂವಿಗಿಂತ ಹೆಚ್ಚು ತಲೆಗಳನ್ನೇ ನೋಡಬೇಕಾಗುತ್ತದೆ, ಚಿಕ್ಕ ಮಕ್ಕಳ ಕೈ ತಪ್ಪಿದರೆ ಜೀವ ಬಾಯಿಗೆ ಬರುತ್ತದೆ. ಸಾಮಾನ್ಯ ದಿನ ಬೆಳಿಗ್ಗೆ ಹೋಗಿ, ಕೆರೆಯ ಬದಿಯ ಮರದಡಿ ಕೂತು, ಅರ್ಧ ಗಂಟೆ ಯಾರಿಗೂ ಏನನ್ನೂ ಬಡಿಸದೆ ಸುಮ್ಮನಿರಿ.

ಬಡಿಸುವ ಮಾತು ಬಂದುದರಿಂದ ಹೇಳುತ್ತೇನೆ. ಆ ದಿನ ಮನೆಯಿಂದ ಬುತ್ತಿ ಕಟ್ಟಬೇಡಿ. ಪ್ರವಾಸವೆಂದರೆ ನಸುಕಿನಲ್ಲೇ ಎದ್ದು ಮೂವತ್ತು ಪೂರಿ ಕರಿದು, ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವುದಲ್ಲ. ಹೊಸಕೋಟೆಯ ದಮ್ ಬಿರಿಯಾನಿಯ ಕಥೆ ನಿಮಗೆ ಗೊತ್ತಲ್ಲ? ವಾರದ ಕೊನೆಯಲ್ಲಿ ಸುಬ್‌ಹ್‌ಗೂ ಮುಂಚೆ ಹಂಡೆ ತೆರೆಯುತ್ತದೆ. ಬೆಂಗಳೂರಿನ ಹುಡುಗರು ರಾತ್ರೋರಾತ್ರಿ ಬೈಕಿನಲ್ಲಿ ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಅದೇ ಊರಿನ ಎಷ್ಟು ಹೆಂಗಸರು ಹಾಗೆ ಹೋಗಿ ಒಂದು ಪ್ಲೇಟ್ ತಿಂದಿದ್ದಾರೆ? ಬಿರಿಯಾನಿಯ ಊರಿನಲ್ಲಿದ್ದೂ ನಮಗೆ ಸಿಗುವುದು ನಾವೇ ದಮ್ ಕೊಟ್ಟ ಬಿರಿಯಾನಿ. ಮಾಂಸದ ಊಟ ಎಲ್ಲೇ ಆಗಲಿ, ಝಬಹ್ ಯಾರು ಮಾಡಿದ್ದು ಎಂದು ಕೇಳಲು ನಾಚಿಕೆ ಬೇಡ. ಒಳ್ಳೆಯ ಹೋಟೆಲಿನವರು ಅದಕ್ಕೆ ಬೇಸರಪಡುವುದಿಲ್ಲ.

ಲಾಲ್‌ಬಾಗ್‌ನಲ್ಲಿದ್ದಾಗ ಹಸಿವಾದರೆ ಈ ಚಿಂತೆಯೇ ಇಲ್ಲ. ಲಾಲ್‌ಬಾಗ್ ರಸ್ತೆಯಲ್ಲೇ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂಟಿಆರ್ ಇದೆ. 1924ರ ಹೋಟೆಲು, ಪೂರ್ಣ ಸಸ್ಯಾಹಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಲು ತೊಡಗಿದವರು ಇವರು. ನಾವು ಮನೆಯಲ್ಲಿ ಮಾಡುವ ರವೆ ಇಡ್ಲಿಯ ಮೂಲ ಅಲ್ಲಿದೆ. ಕಾಯಬೇಕಾಗುತ್ತದೆ, ಮಕ್ಕಳಿಗೆ ಒಂದು ಬಿಸ್ಕೆಟ್ ಪ್ಯಾಕೆಟ್ ಕೈಯಲ್ಲಿರಲಿ. ಕಾಯಲು ಆಗದವರಿಗೆ ಬೀದಿ ಬೀದಿಗೂ ದರ್ಶಿನಿಗಳಿವೆ.

ಮಾಂಸದೂಟವೇ ಬೇಕೆಂದರೆ ಶಿವಾಜಿನಗರ. ಖುಷ್ಕಾ, ಪಾಯ, ಶೀಖ್ ಕಬಾಬ್, ಖೀಮಾ, ಸುಲೈಮಾನಿ ಯಾವುದಕ್ಕೂ ಕೊರತೆಯಿಲ್ಲ. ಹಲವು ಹೋಟೆಲುಗಳಲ್ಲಿ ಮಹಡಿಯ ಮೇಲೆ ಫ್ಯಾಮಿಲಿ ರೂಮ್ ಇರುತ್ತದೆ, ನಿಖಾಬ್ ತೆಗೆದು ನೆಮ್ಮದಿಯಿಂದ ಊಟ ಮಾಡಬಹುದು. 1927ರ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು, ಖರ್ಜೂರ ಕೊಳ್ಳಬಹುದು. ಸಂಜೆಯ ಹೊತ್ತು ಉಳಿದರೆ ಆಟೋ ಹಿಡಿದು ಫ್ರೇಜರ್ ಟೌನ್‌ನ ಮಾಸ್ಕ್ ರಸ್ತೆಗೆ ಹೋಗಿ. 1902ರ ಆಲ್ಬರ್ಟ್ ಬೇಕರಿ ಅಲ್ಲಿದೆ. ಆ ರಸ್ತೆಗೆ ಹೆಸರು ತಂದ ಮಸೀದಿ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನದು. ಶಿವಾಜಿನಗರದ ಗೋಷಾ ಆಸ್ಪತ್ರೆಗೂ ಅವರದೇ ಹೆಸರು. ಗೋಷಾ ಎಂದರೆ ಪರ್ದಾ. ಪರ್ದಾದ ಹೆಂಗಸರು ಸಂಕೋಚವಿಲ್ಲದೆ ಚಿಕಿತ್ಸೆ ಪಡೆಯಲೆಂದು ಆದ ಆಸ್ಪತ್ರೆ ಅದು.

ನಮಾಝ್ ಎಲ್ಲಿ ಎಂಬುದೇ ನಿಜವಾದ ಕಷ್ಟ. ಗಂಡಸರಿಗೆ ಬೆಂಗಳೂರಿನಲ್ಲಿ ಮಸೀದಿ ಹುಡುಕುವ ಕೆಲಸವೇ ಇಲ್ಲ, ಅಝಾನ್ ಕೇಳಿದ ಕಡೆ ನಡೆದರೆ ಸಾಕು. ಹೆಂಗಸರಿಗೆ ಹಾಗಲ್ಲ. ಕೆಲವು ಮಸೀದಿಗಳಲ್ಲಿ ನಮಗೆ ಪ್ರತ್ಯೇಕ ಕೋಣೆ, ವುಝೂ ವ್ಯವಸ್ಥೆ ಇದೆ, ಹಲವೆಡೆ ಇಲ್ಲ. ಒಮ್ಮೆ ನಗರದ ಒಂದು ಮಸೀದಿಯ ಗೇಟಿನಲ್ಲಿ ನಮ್ಮ ಜೊತೆಗಿದ್ದ ಎಪ್ಪತ್ತರ ಅಜ್ಜಿಗೆ ಅಸ್ರ್ ನಮಾಝ್‌ಗೆ ಜಾಗವಿಲ್ಲವೆಂದರು. ಎದುರಿನ ಬಟ್ಟೆ ಅಂಗಡಿಯವರು ತಮ್ಮ ಗೋದಾಮಿನಲ್ಲಿ ಚಾಪೆ ಹಾಸಿಕೊಟ್ಟರು, ಅಲ್ಲಾಹನು ಅವರಿಗೆ ಬರ್ಕತ್ ನೀಡಲಿ. ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಹೆಂಗಸರ ಸಫ್ ಇತ್ತು, ಅಲ್ಲಾಹನ ದಾಸಿಯರನ್ನು ಮಸೀದಿಯಿಂದ ತಡೆಯಬಾರದೆಂದು ಅವರು ಹೇಳಿದ್ದೂ ಇದೆ. ದಾರಿಯಲ್ಲಿರುವ ಹೆಂಗಸರಿಗೆ ಒಂದು ಕೋಣೆ, ಒಂದು ನಲ್ಲಿ, ಒಂದು ಶೌಚಾಲಯ ಇಷ್ಟನ್ನು ಒದಗಿಸಲು ಜಮಾಅತಿನ ಹಿರಿಯರಿಗೆ ಕಷ್ಟವೇ? ಈ ಪುಟವನ್ನು ನಿಮ್ಮ ಮನೆಯ ಗಂಡಸರಿಗೂ ಓದಲು ಕೊಡಿ. ಅಲ್ಲಿಯವರೆಗೆ ತೆಳುವಾದ ಮುಸಲ್ಲಾ, ಒಂದು ಬಾಟಲಿ ನೀರು ಚೀಲದಲ್ಲಿರಲಿ. ಮಸೀದಿಯ ಫೋನ್ ನಂಬರು ಸಿಕ್ಕರೆ ಮೊದಲೇ ಕೇಳಿಕೊಳ್ಳಿ. ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ.

ಎರಡನೆಯ ದಿನ ದೇವನಹಳ್ಳಿ. ಊರಿನ ಕೋಟೆಯನ್ನು 1501ರಲ್ಲಿ ಮಲ್ಲಬೈರೇಗೌಡರು ಮಣ್ಣಿನಲ್ಲಿ ಕಟ್ಟಿದರು. ಕಲ್ಲಿನ ಕೋಟೆಯಾದದ್ದು ಹೈದರ್-ಟಿಪ್ಪು ಕಾಲದಲ್ಲಿ. 1749ರಲ್ಲಿ ಮೈಸೂರಿನ ಸೈನ್ಯ ಇದನ್ನು ಮುತ್ತಿದಾಗ ಹೈದರ್ ಅದರಲ್ಲೊಬ್ಬ ಯುವಕ. ಅವರ ಹೆಸರು ಮೊದಲು ಎದ್ದು ಕಂಡದ್ದು ಆ ಯುದ್ಧದಲ್ಲೇ. ಮರುವರ್ಷ ಈ ಊರಿನಲ್ಲಿ ಅವರ ಪತ್ನಿ ಫಾತಿಮಾ ಫಖ್ರುನ್ನಿಸಾ ಗಂಡು ಮಗುವಿಗೆ ಜನ್ಮ ನೀಡಿದರು. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನು ಮಗುವಿಗೆ ಇಟ್ಟರು. ದರ್ಗಾದ ಹರಕೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಆದರೆ ಹೆಸರು ಬಂದದ್ದು ಅಲ್ಲಿಂದ. ಮುಂದೆ ಟಿಪ್ಪು ಈ ಊರನ್ನು ಯೂಸುಫಾಬಾದ್ ಎಂದು ಕರೆದರು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ.

ಹುಟ್ಟಿದ ಜಾಗವೆಂದು ಇಂದು ತೋರಿಸುವುದು ಕಂಬಗಳಿರುವ ಒಂದು ಪುಟ್ಟ ಕಲ್ಲಿನ ಆವರಣ, ಅದರಲ್ಲೊಂದು ಫಲಕ. ದೊಡ್ಡದನ್ನು ನಿರೀಕ್ಷಿಸಿ ಹೋದವರು "ಇಷ್ಟೇನಾ?" ಎನ್ನುತ್ತಾರೆ. ಫಲಕದ ಮುಂದೆ ನಿಂತು ಮಕ್ಕಳಿಗೆ ಆ ತಾಯಿಯ ಬಗ್ಗೆ ಹೇಳಿ. ಕಡಪ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮೊಯಿನುದ್ದೀನರ ಮಗಳು, ಯುದ್ಧದಿಂದ ಯುದ್ಧಕ್ಕೆ ಹೋಗುವ ಸೈನಿಕನ ಹೆಂಡತಿ.

ಇನ್ನೊಬ್ಬ ತಾಯಿಯ ಕಥೆ ಪಕ್ಕದ ದೊಡ್ಡಬಳ್ಳಾಪುರದ್ದು. ಹೈದರರ ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಕುಟುಂಬ ಆ ಊರಿನಲ್ಲಿತ್ತು. ಅಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಹಣ ಬಾಕಿಯಿದೆಯೆಂದು ವಿಧವೆಯ ಮನೆಯನ್ನು ದೋಚಿದ. ಶಹಬಾಝ್, ಹೈದರ್ ಎಂಬ ಪುಟ್ಟ ಹುಡುಗರಿಬ್ಬರನ್ನೂ ನಗಾರಿಯೊಳಗೆ ಹಾಕಿ ಚರ್ಮ ಬಿಗಿದು ಬಾರಿಸಿದನೆಂದು ಹೇಳುತ್ತಾರೆ. ಶ್ರೀರಂಗಪಟ್ಟಣದಲ್ಲಿದ್ದ ಬಂಧುವಿನ ನೆರವಿನಿಂದ ತಾಯಿ ಮಕ್ಕಳು ಪಾರಾದರು. 1761ರಲ್ಲಿ ಅದೇ ಹೈದರ್ ಸೈನ್ಯದೊಂದಿಗೆ ದೊಡ್ಡಬಳ್ಳಾಪುರಕ್ಕೆ ಬಂದಾಗ ಅಬ್ಬಾಸ್ ಕುಲಿ ಖಾನ್ ಊರು ಬಿಟ್ಟು ಮದ್ರಾಸಿಗೆ ಓಡಿದ. ಇಂದು ಆ ಊರಿನ ಬೀದಿಗಳಲ್ಲಿ ಕೇಳುವುದು ನಗಾರಿಯಲ್ಲ, ಪವರ್‌ಲೂಮಿನ ಸದ್ದು. ಸೀರೆ ಕೊಳ್ಳುವುದಿದ್ದರೆ ನೇಯುವ ಊರಿನಲ್ಲೇ ಕೊಳ್ಳಿ.

ಕೋಟೆಯ ಗೋಡೆಯ ಮೇಲೆ ಹತ್ತಿದರೆ ಮಕ್ಕಳು ಇತಿಹಾಸ ಬಿಟ್ಟು ಆಕಾಶ ನೋಡುತ್ತಾರೆ, ವಿಮಾನಗಳಿಗಾಗಿ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯೇ ಬದಲಾಗಿದೆ. ನಮ್ಮ ಹಾಜಿಗಳು ಹೊರಡುವುದೂ ಇಲ್ಲಿಂದಲೇ. ದ್ರಾಕ್ಷಿ, ಚಕ್ಕೋತದ ತೋಟಗಳಿದ್ದಲ್ಲಿ ಬಡಾವಣೆಗಳು ಎದ್ದಿವೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 1,777 ಎಕರೆಯ ಭೂಸ್ವಾಧೀನವನ್ನು ಸರಕಾರ ಕೈಬಿಟ್ಟದ್ದು 2025ರ ಜುಲೈಯಲ್ಲಿ. ಆ ಧರಣಿಯಲ್ಲಿ ರೈತ ಹೆಂಗಸರೂ ಕೂತಿದ್ದರು.

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆಯಿದೆ. ಹಣ್ಣು ಸಿಕ್ಕರೆ ಬಿಡಬೇಡಿ. ಸಿಪ್ಪೆ ಬಹಳ ದಪ್ಪ, ಉಗುರಿನಿಂದ ಆಗದು, ಅಂಗಡಿಯವರ ಕೈಯಲ್ಲೇ ಸೀಳಿಸಿಕೊಳ್ಳಿ. ತೊಳೆಯ ಮೇಲಿನ ಬಿಳಿ ಪೊರೆ ಕಹಿ, ಅದನ್ನು ಪೂರ್ತಿ ತೆಗೆದು ಒಳಗಿನ ಕೆಂಪು ತಿರುಳಿಗೆ ಚಿಟಿಕೆ ಉಪ್ಪು ಹಚ್ಚಿ. ಒಂದು ಹಣ್ಣು ನಾಲ್ಕು ಮಂದಿಗೆ ಸಾಕು. ಮೊದಲ ತೊಳೆ ನೀವು ತಿನ್ನಿ, ಮಕ್ಕಳಿಗೆ ಆಮೇಲೆ ಕೊಡಿ.