ಕಾಯುವುದು ಅಂದರೆ...

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ದೇವರ ವಿಷಯ ಎತ್ತಿದರೆ ಕೆಲವರು ‘ಪ್ರಸಂಗ ಶುರುವಾಯ್ತು’ ಅಂತ ಎದ್ದು ಹೋಗ್ತಾರೆ. ಇನ್ನು ಕೆಲವರಿಗೆ, ಹೆಸರು ನೋಡಿದ ಕೂಡಲೇ, ಇವರು ನಮ್ಮನ್ನು ಎಲ್ಲಿಗೋ ಎಳೆಯೋಕೆ ಬಂದ್ರು ಅನ್ನೋ ಅನುಮಾನ. ಎರಡೂ ಅಲ್ಲ ಮಾರಾಯ್ರೆ. ನನ್ನ ಒಂದು ಹಳೆಯ ಗಾಯದ ಕತೆ ಇದು. ಮಾಯಲಿಕ್ಕೆ ತುಂಬಾ ಸಮಯ ತಗೊಂಡಿತು. ಈಗಲೂ ಪೂರ್ತಿ ಮಾಯ್ದಿದೆ ಅಂತ ಹೇಳಲಾರೆ.

ನಮ್ಮದು ಮಂಗಳೂರಿನ ಹಳೇ ಬಾಸೆಲ್ ಮಿಶನ್ ಕುಟುಂಬ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರಲ್ಲ, ಹೆಂಚು, ನೇಯ್ಗೆ, ಅಚ್ಚುಕೂಟ, ಶಾಲೆ ಅಂತ ಏನೇನೋ ಶುರು ಮಾಡಿದರಲ್ಲ, ಆ ಕಾಲದಿಂದ ಬಂದವರು. ಈಗ ಸಿ.ಎಸ್.ಐ. ಸಭೆಯವರು. ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ. ನಾನು ತುಳುವಿನಲ್ಲಿ ಜಗಳ ಮಾಡಿದ್ದೇನೆ, ಪ್ರಾರ್ಥನೆ ಮಾಡಿದ್ದು ಕನ್ನಡದಲ್ಲೇ. ಅದೂ ಪುಸ್ತಕದ ಕನ್ನಡ. ‘ಕರ್ತನೇ’ ಅಂತ ಬಾಯಿ ತೆರೆದರೆ ಉಳಿದದ್ದೆಲ್ಲ ಹಳೇ ಸತ್ಯವೇದದ ಧಾಟಿಯಲ್ಲಿ ತಾನಾಗಿಯೇ ಬರುತ್ತಿತ್ತು.

2016ರಲ್ಲಿ ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಪರೇಶನ್, ಕೀಮೋ ಎಲ್ಲಾ ಆಯ್ತು. ನಮ್ಮ ಸಭಾಪಾಲಕರು ವಾರಕ್ಕೊಮ್ಮೆ ಬಂದು ಪ್ರಾರ್ಥನೆ ಮಾಡಿ, ಒಂದು ಲೋಟ ಚಾ ಕುಡಿದು, ಅಪ್ಪನ ಹತ್ತಿರ ಕ್ರಿಕೆಟ್ ಮಾತಾಡಿ ಹೋಗುತ್ತಿದ್ದರು. ಆದರೆ ನೆಂಟರೊಬ್ಬರು ಬೇರೆ ಊರಿನಿಂದ ಒಬ್ಬ ಪ್ರಸಂಗಿಯನ್ನು ಕರಕೊಂಡು ಬಂದರು. ಅವರು ಅಪ್ಪನ ತಲೆ ಮೇಲೆ ಕೈ ಇಟ್ಟು ದೊಡ್ಡ ಸ್ವರದಲ್ಲಿ ಪ್ರಾರ್ಥನೆ ಮಾಡಿದರು. ಆಮೇಲೆ, ಸ್ವಸ್ಥತೆ ಸಿಕ್ಕಿ ಆಯ್ತು, ಇನ್ನು ಮಾತ್ರೆ ನುಂಗಿದರೆ ಅದು ಅವಿಶ್ವಾಸ ಅಂದರು. ಮನೆಯವರೆಲ್ಲಾ ತಲೆ ತಗ್ಗಿಸಿ ನಿಂತಿದ್ದೆವು. ಅವರು ಗೇಟು ದಾಟಿದ ಮೇಲೆ ಅಪ್ಪ ನನ್ನನ್ನು ಕರೆದು, “ಡಾಕ್ಟರಿಗೆ ಬುದ್ಧಿ ಕೊಟ್ಟದ್ದು ಯಾರು? ಸೈತಾನನಾ? ಒಂದು ಲೋಟ ನೀರು ಕೊಡು” ಅಂದರು. ಮಾತ್ರೆ ನುಂಗಿ ಮಲಗಿದರು.

2017ರ ಜೂನ್‌ನಲ್ಲಿ ಮಳೆ ಹಿಡಿದಾಗ ಅಪ್ಪ ಹೋದರು.

ಮಣ್ಣು ಮಾಡಿ ಬಂದ ಮರುವಾರ ಅದೇ ನೆಂಟರು ಅಮ್ಮನ ಹತ್ತಿರ ಒಂದು ಮಾತು ಹೇಳಿ ಹೋದರು. ಮನೆಯಲ್ಲಿ ಯಾರಿಗೋ ವಿಶ್ವಾಸ ಕಡಿಮೆ ಇತ್ತು, ಹಾಗಾಗಿ ಗುಣ ಆಗಲಿಲ್ಲ ಅಂತ. ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ‘ಯಾರಿಗೋ’ ಅಂದರೆ ಯಾರು ಅಂತ ನನಗೆ ಗೊತ್ತಿತ್ತು. ಐಸಿಯು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಒಂದು ರಾತ್ರಿ ನಾನು ಮನಸ್ಸಿನಲ್ಲೇ, ಇದು ಆಗುವ ಹೋಗುವ ಮಾತಲ್ಲ, ಸುಮ್ಮನೆ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಆ ಮಾತು ಬಾಣದ ಹಾಗೆ ನೇರ ಅಲ್ಲಿಗೇ ನಾಟಿತು.

ಅವತ್ತಿನಿಂದ ನನಗೆ ಪ್ರಾರ್ಥನೆ ಬರಲಿಲ್ಲ. ದೇವರಿಲ್ಲ ಅನ್ನಿಸಿದ್ದಲ್ಲ. ಹಾಗೆ ಅನ್ನಿಸಿದ್ದರೆ ಸುಲಭ ಆಗ್ತಿತ್ತೇನೋ. ಇದ್ದಾನೆ, ಆದರೆ ನನ್ನ ಮುಖ ನೋಡುವುದಿಲ್ಲ, ನನಗೂ ಅವನ ಮುಖ ನೋಡುವ ಧೈರ್ಯ ಇಲ್ಲ. ಮನೆಯಲ್ಲಿ ಮಾತು ಬಿಟ್ಟ ಇಬ್ಬರು ಇರುತ್ತಾರಲ್ಲ, ಹಾಗೆ. ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಚರ್ಚ್. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು, ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ ಒಂದೂವರೆ ಗಂಟೆ ಕಳೆದು ಬರುತ್ತಿದ್ದೆ. ಕರ್ತನ ಭೋಜನಕ್ಕೆ ಮುಂದೆ ಹೋಗುತ್ತಿರಲಿಲ್ಲ. ಕಾಲು ನೋವು ಅಂತ ನೆಪ.

ಬೇಗ ಗುಣ ಆಗಬೇಕು ಅಂತ ಏನೇನು ಮಾಡಿದೆ ಗೊತ್ತಾ? ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟೆ. ಉಪವಾಸ ಮಾಡಿದೆ. ಮೂರು ದಿನದ ಧ್ಯಾನಕೂಟಕ್ಕೆ ಹೋಗಿ ಎಲ್ಲರೂ ಅಳುವಾಗ ನನಗೆ ಅಳು ಬರುವುದಿಲ್ಲವಲ್ಲ ಅಂತ ಇನ್ನಷ್ಟು ಕುಗ್ಗಿದೆ. ನಿದ್ದೆ ಪೂರ್ತಿ ಕೆಟ್ಟಾಗ ಆಪ್ತಸಮಾಲೋಚಕರ ಹತ್ತಿರವೂ ಹೋದೆ. ಅದು ಒಳ್ಳೆಯದೇ ಆಯ್ತು, ನಿದ್ದೆ ಬಂತು. (ನಿಮಗೆ ಯಾರಿಗಾದರೂ ಹೀಗೆ ಆಗಿದ್ದರೆ ನಾಚಿಕೆ ಬಿಟ್ಟು ಹೋಗಿ. ಅದು ಅವಿಶ್ವಾಸ ಅಲ್ಲ, ಅಪ್ಪನ ಮಾತ್ರೆಯ ಹಾಗೆಯೇ.) ಆದರೆ ಪ್ರಾರ್ಥನೆ ಮಾತ್ರ ಬರಲಿಲ್ಲ.

2019ರಲ್ಲಿ ಅಮ್ಮ ನನ್ನ ಜೊತೆ ಇರಲಿಕ್ಕೆ ಬಂದರು. 2021ರಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯ್ತು. ಮನೆಗೆ ಬಂದ ರಾತ್ರಿ, “ಮಗಾ, ನನಗೆ ಓದ್ಲಿಕ್ಕೆ ಆಗುವುದಿಲ್ಲ. ದಿನಾ ಒಂದು ಕೀರ್ತನೆ ಓದಿ ಹೇಳ್ತೀಯಾ?” ಅಂದರು. ಅಮ್ಮನಿಗೆ ಇಲ್ಲ ಅನ್ನುವುದು ಹೇಗೆ? ಒಂದನೇ ಕೀರ್ತನೆಯಿಂದ ಶುರು ಮಾಡಿದೆ. ಕರೆಂಟು ಬಿಲ್ಲು ಓದಿದ ಹಾಗೆ ಓದುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯಲ್ಲಿ ‘ಆಮೆನ್’ ಅವರೊಬ್ಬರೇ.

ನಿಮ್ಮಲ್ಲಿ ಓದದವರಿಗಾಗಿ ಹೇಳ್ತೇನೆ. ಸತ್ಯವೇದದ ಕೀರ್ತನೆಗಳು ಒಟ್ಟು 150. ಎಲ್ಲವೂ ಸ್ತೋತ್ರ ಅಂದುಕೊಂಡರೆ ತಪ್ಪು. ಬೇಕಾದಷ್ಟು ದೂರು, ಅಳು, ಸಿಟ್ಟು ಇದೆ. ಆದರೆ ಸಾಮಾನ್ಯವಾಗಿ ಅಳುತ್ತಾ ಶುರುವಾದದ್ದು ಕೊನೆಗೆ ಹೇಗೋ ಒಂದು ಭರವಸೆಗೆ ಬಂದು ಮುಟ್ಟುತ್ತದೆ. 88ನೆಯದು ಹಾಗಲ್ಲ. ಅದನ್ನು ಓದುತ್ತಾ ಓದುತ್ತಾ, ಈಗ ತಿರುಗುತ್ತದೆ, ಈಗ ತಿರುಗುತ್ತದೆ ಅಂತ ಕಾದೆ. ತಿರುಗಲೇ ಇಲ್ಲ. ಹಗಲು ರಾತ್ರಿ ಕೂಗಿದರೂ ಉತ್ತರ ಸಿಗದ ಮನುಷ್ಯ ಕತ್ತಲೆಯ ಮಾತಿನಲ್ಲೇ ನಿಲ್ಲಿಸುತ್ತಾನೆ. ನಾನು ಪುಟ ತಿರುಗಿಸಿ ನೋಡಿದೆ, ಏನಾದರೂ ಬಿಟ್ಟೆನಾ ಅಂತ. ಇಲ್ಲ, 89 ಶುರುವಾಗಿತ್ತು.

“ಅಮ್ಮಾ, ಇದು ಹೀಗೇ ಮುಗಿಯುತ್ತದಾ?” ಅಂತ ಕೇಳಿದೆ.

“ಹೌದು. ಅವನೂ ಹಾಗೇ ಮಲಗಿದ್ದು. ನಾವೂ ಮಲಗುವ” ಅಂದರು ಅಮ್ಮ.

ನನಗೆ ನಗು ಬಂತು. ಆಮೇಲೆ ಅಳು ಬಂತು, ನಾಲ್ಕು ವರ್ಷದ ಮೇಲೆ. ಉತ್ತರ ಸಿಗದವನ ಪ್ರಾರ್ಥನೆಯನ್ನೂ ಯಾರೂ ಕತ್ತರಿಸದೆ, ತಿದ್ದದೆ, ಕೊನೆಗೊಂದು ಸಮಾಧಾನದ ಸಾಲು ಅಂಟಿಸದೆ ದೇವರ ಪುಸ್ತಕದಲ್ಲಿ ಇಟ್ಟಿದ್ದಾರೆ! ಹಾಗಾದರೆ ನನಗೂ ಅಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಜಾಗ ಇದೆ ಅಂತಾಯ್ತಲ್ಲ.

ಅಲ್ಲಿಂದ ನಾನು ಬೇರೆ ಕಣ್ಣಿನಿಂದ ಓದಲಿಕ್ಕೆ ಶುರು ಮಾಡಿದೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುವುದು ನಮ್ಮ ನೆಂಟರ ಪ್ರಶ್ನೆಯನ್ನೇ: ಇದಕ್ಕೆ ಯಾರ ಪಾಪ ಕಾರಣ, ಇವನದಾ, ಅಪ್ಪ ಅಮ್ಮಂದಿರದಾ? ಯೇಸು ಎರಡನ್ನೂ ಅಲ್ಲ ಅನ್ನುತ್ತಾನೆ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಕತೆ, ನನಗಾಗಿ ಅಂತ ಅನ್ನಿಸಿರಲಿಲ್ಲ. ಬೇಥಾನ್ಯದ ಲಾಜರನಿಗೆ ಹುಷಾರಿಲ್ಲ ಅಂತ ಸುದ್ದಿ ಬಂದಾಗ ಯೇಸು ಕೂಡಲೇ ಹೊರಡುವುದಿಲ್ಲ, ಇದ್ದಲ್ಲೇ ಎರಡು ದಿನ ಉಳಿಯುತ್ತಾನೆ. ತಲುಪುವಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ. ಮಾರ್ಥ, ಮರಿಯ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಅದೇ ದೂರು ಹೇಳುತ್ತಾರೆ, ನೀನು ಇಲ್ಲಿ ಇರಬೇಕಿತ್ತು ಅಂತ. ಅವನು ಬೈಯುವುದಿಲ್ಲ. ಅಳುತ್ತಾನೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಾರ್ಕನ ಸುವಾರ್ತೆಯ ಬೇತ್ಸಾಯಿದದ ಕುರುಡ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರಕೊಂಡು ಹೋಗಿ ಮುಟ್ಟಿ, ಏನಾದರೂ ಕಾಣ್ತದಾ ಅಂತ ಕೇಳುತ್ತಾನೆ. ಜನ ಕಾಣ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಅನ್ನುತ್ತಾನೆ ಅವನು. ಎರಡನೇ ಸಲ ಮುಟ್ಟಿದ ಮೇಲೆಯೇ ಎಲ್ಲಾ ಸ್ಪಷ್ಟ ಆಗುವುದು. ಎಷ್ಟು ಪ್ರಾಮಾಣಿಕ ಮನುಷ್ಯ ನೋಡಿ! ನಾನಾಗಿದ್ದರೆ ಮರ್ಯಾದೆಗೆ ಅಂಜಿ ‘ಎಲ್ಲಾ ಕಾಣ್ತದೆ ಸ್ವಾಮೀ’ ಅಂತ ಹೇಳಿ ಮರಗಳ ನಡುವೆ ಎಡವುತ್ತಾ ಮನೆಗೆ ಹೋಗುತ್ತಿದ್ದೆ. ಚರ್ಚಿನಲ್ಲಿ ಎಷ್ಟೋ ವರ್ಷ ಮಾಡಿದ್ದು ಅದನ್ನೇ ಅಲ್ವಾ? ಅರ್ಧ ಗುಣವಾದವನು ಅರ್ಧ ಅಂತಲೇ ಹೇಳಿದ್ದಕ್ಕೆ ಉಳಿದರ್ಧ ಸಿಕ್ಕಿತು ಅಂತ ನನ್ನ ಲೆಕ್ಕ.

ಸಿಗದೇ ಇರುವುದೂ ಉಂಟು. ಪೌಲನು ತನ್ನ ಶರೀರದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅವನಿಗೆ ಸಿಕ್ಕಿದ್ದು ಮುಳ್ಳಿನ ಜೊತೆ ನಡೆಯುವಷ್ಟು ಕೃಪೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಬಹಳ ಜನ ಗಾಬರಿಯಾದರು. ಸುಮಾರು ಐವತ್ತು ವರ್ಷ ಒಳಗೆ ಕತ್ತಲೆ, ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವವೇ ಇಲ್ಲದ ಬರಗಾಲ. ಆದರೂ ಕೋಲ್ಕತ್ತದ ಬೀದಿಯಲ್ಲಿ ಸಾಯುವವರನ್ನು ಎತ್ತಿ ತಂದು ಆರೈಕೆ ಮಾಡುವುದನ್ನು ನಿಲ್ಲಿಸಲಿಲ್ಲ. ಆಗ ಆ ಸುದ್ದಿ ಓದಿ ‘ಪಾಪ’ ಅಂದುಕೊಂಡಿದ್ದೆ. ನನ್ನ ಕತ್ತಲೆಗೆ ಹೋಲಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ಆದರೆ ಒಂದು ಗೊತ್ತಾಯ್ತು, ಕತ್ತಲೆಯಲ್ಲಿ ಇರುವವರೆಲ್ಲ ದಾರಿ ತಪ್ಪಿದವರಲ್ಲ.

ಇನ್ನು ನಮ್ಮ ಓದಿನ ಕತೆಗೆ ಬರ್ತೇನೆ. 120 ದಾಟಿರಬೇಕು. ಒಂದು ಸಂಜೆ ಆಫೀಸಿನಿಂದ ಬೇಗ ಬಂದೆ. ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತು ಆರಾಮವಾಗಿ ಪೇಪರ್ ಓದುತ್ತಿದ್ದರು! ಅದೂ ಸಣ್ಣಕ್ಷರದ ಜಾಹೀರಾತು.

“ಅಮ್ಮಾ, ನಿಮಗೆ ಕಾಣ್ತದಾ?”

“ಕನ್ನಡಕ ಬಂದು ಎರಡು ತಿಂಗಳಾಯ್ತಲ್ಲ.”

“ಮತ್ತೆ ಯಾಕೆ ನನ್ನ ಹತ್ತಿರ ಓದಿಸ್ತಾ ಇದ್ದೀರಿ?”

ಅಮ್ಮ ಪೇಪರ್ ಮಡಚಿ, “ನಾನು ಕಾಯ್ತಾ ಇದ್ದೆ ಮಗಾ” ಅಂದರು. ಅಷ್ಟೇ. ಎದ್ದು ಚಾ ಇಡಲಿಕ್ಕೆ ಹೋದರು.

ನಮ್ಮ ಭಾಷೆಯಲ್ಲಿ ಕಾಯುವುದು ಅನ್ನುವ ಮಾತಿಗೆ ಎಷ್ಟು ಅರ್ಥ ನೋಡಿ. ಬಸ್ಸಿಗೆ ಕಾಯುತ್ತೇವೆ. ದನ ಕಾಯುತ್ತೇವೆ, ತೋಟ ಕಾಯುತ್ತೇವೆ. ಹಂಡೆಯಲ್ಲಿ ನೀರು ಕಾಯುತ್ತದೆ. ‘ದೇವರೇ ಕಾಯಬೇಕು’ ಅಂತಲೂ ಹೇಳುತ್ತೇವೆ. ಅಮ್ಮ ಯಾವ ಅರ್ಥದಲ್ಲಿ ಹೇಳಿದರೋ ಕೇಳಲಿಲ್ಲ. ನಾನು ಮಾತು ಬಿಟ್ಟ ನಾಲ್ಕು ವರ್ಷ ಅವರು ಒಂದು ದಿನವೂ ‘ಯಾಕೆ ಪ್ರಾರ್ಥನೆ ಮಾಡುವುದಿಲ್ಲ’ ಅಂತ ಕೇಳಿರಲಿಲ್ಲ. ಸುಮ್ಮನಿದ್ದರು, ಆದರೆ ಬಿಟ್ಟು ಹೋಗಿರಲಿಲ್ಲ. ನಾನು ದೇವರಿಗಾಗಿ ಕಾಯುತ್ತಿದ್ದೇನೆ ಅಂದುಕೊಂಡಷ್ಟು ದಿನ, ಅವನೂ ಹೀಗೆಯೇ ಪಕ್ಕದಲ್ಲಿ ಕೂತು ನನ್ನನ್ನು ಕಾಯುತ್ತಿದ್ದನೇನೋ. ಅವನು ಮಾತಾಡುವುದಿಲ್ಲ ಅಂತ ನಾನು ದೂರಿದ್ದು. ಮಾತು ಬಿಟ್ಟವರು ನಾವಿಬ್ಬರಲ್ಲಿ ಯಾರು ಅಂತ ಆಗ ಮೊದಲ ಸಲ ಯೋಚಿಸಿದೆ.

ಇದಾಗಿ ಒಂದು ವರ್ಷದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಆಸ್ಪತ್ರೆ ಸೇರಿದರು. ನೋಡಲಿಕ್ಕೆ ಹೋದಾಗ ಅವರ ಹೆಂಡತಿ, “ನೀವು ಚರ್ಚಿಗೆ ಹೋಗೋರಲ್ವಾ, ನಿಮ್ಮ ದೇವ್ರಿಗೂ ಒಂದು ಮಾತು ಹೇಳಿ” ಅಂದರು. ನನಗೆ ಬೆವರು ಬಂತು. ಅದೇ ತರಹದ ಪ್ಲಾಸ್ಟಿಕ್ ಕುರ್ಚಿ, ಅದೇ ಫಿನಾಯಿಲ್ ವಾಸನೆ. ಕಣ್ಣು ಮುಚ್ಚಿದೆ. ಪುಸ್ತಕದ ಕನ್ನಡ ಬರಲೇ ಇಲ್ಲ. “ದೇವರೇ, ಇವರಿಗೆ ತುಂಬಾ ಹೆದರಿಕೆ ಆಗ್ತಾ ಉಂಟು, ನನಗೂ. ಇಲ್ಲೇ ಇರು” ಅಂದೆ. ಮುಗೀತು. ಮೆಟ್ಟಿಲಿಳಿದು ಬರುವಾಗ ಹೊಳೆಯಿತು, ಅರೆ, ನಾನು ಪ್ರಾರ್ಥನೆ ಮಾಡಿದೆ! ಮಿಂಚಿಲ್ಲ, ಗುಡುಗಿಲ್ಲ, ಮೈ ಜುಮ್ಮೆನ್ನಲಿಲ್ಲ. ರಸ್ತೆ ದಾಟಿ ಆಟೋ ಹಿಡಿದೆ. (ವಾಚ್‌ಮನ್ ಹುಷಾರಾಗಿ ಬಂದರು, ಅದು ಡಾಕ್ಟರರ ಕೆಲಸ. ನನ್ನ ಪ್ರಾರ್ಥನೆಯ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.)

ಅದರ ಮುಂದಿನ ಭಾನುವಾರ ಕರ್ತನ ಭೋಜನಕ್ಕೆ ಎದ್ದು ಹೋದೆ. ಅಮ್ಮ ಹಿಂದೆ ತಿರುಗಿಯೂ ನೋಡಲಿಲ್ಲ. “ಕಾಲು ನೋವು ಕಡಿಮೆ ಆಯ್ತಾ?” ಅಂತ ಮನೆಗೆ ಬಂದು ಕೇಳಿದರು.

ಗುಣ ಆಯ್ತಾ ಅಂದರೆ, ಜನ ಈಗಲೂ ಕೆಲವು ದಿನ ಮರಗಳ ಹಾಗೆಯೇ ಕಾಣುತ್ತಾರೆ. ಆ ನೆಂಟರನ್ನು ಮದುವೆ ಮನೆಯಲ್ಲಿ ನೋಡಿದಾಗ ಹೊಟ್ಟೆಯೊಳಗೆ ಏನೋ ಗಂಟು ಕಟ್ಟುತ್ತದೆ. ನಕ್ಕು ಮಾತಾಡಿಸುವಷ್ಟು ಬಂದಿದ್ದೇನೆ, ಕ್ಷಮಿಸಿದ್ದೇನೆ ಅನ್ನುವಷ್ಟು ಬಂದಿಲ್ಲ. ಎರಡನೇ ಸಲ ಮುಟ್ಟುವುದು ಬಾಕಿ ಇದೆ. ಇರಲಿ. ಮೊದಲಿನ ಅವಸರ ಈಗ ಇಲ್ಲ.

ಯಾರಾದರೂ ನಿಮಗೆ, ನಿಮ್ಮ ವಿಶ್ವಾಸ ಸಾಲದ್ದಕ್ಕೆ ಹೀಗಾಯ್ತು ಅಂತ ಹೇಳಿದ್ದರೆ, ಯಾವ ದೇವರ ಹೆಸರಿನಲ್ಲೇ ಹೇಳಿದ್ದರೂ, ಅದನ್ನು ನಂಬಬೇಡಿ ಅಂತ ಹೇಳಲಿಕ್ಕೆ ಇಷ್ಟು ಬರೆದೆ.

ನಾವು 150 ಮುಗಿಸಿ ಮತ್ತೆ ಒಂದರಿಂದ ಎಷ್ಟನೇ ಸಲವೋ ಶುರು ಮಾಡಿದ್ದೇವೆ. ಓದುವುದು ಈಗಲೂ ನಾನೇ. ಆಮೆನ್ ಮಾತ್ರ ಇಬ್ಬರದ್ದು.