ಧಾರೂರಿನ ಗಿಡ, ತಾಂಡೂರಿನ ಹೊಗೆ

ವಿಕಾರಾಬಾದಿನಿಂದ ವಾಡಿಯ ಕಡೆ ಹೊರಟ ರೈಲಿಗೆ ತಾಂಡೂರಿನ ಮೊದಲು ಧಾರೂರು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ತೊಗರಿ ಹೊಲಗಳು, ಸಮೀಪದಲ್ಲೇ ಕೋಟಪಲ್ಲಿ ಜಲಾಶಯ. ನವೆಂಬರಿನ ಮೆಥೊಡಿಸ್ಟ್ ಜಾತ್ರೆಗೆ ಕರ್ನಾಟಕದ ಭಕ್ತರೂ ಬರುತ್ತಾರೆ.

ತೆಲಂಗಾಣದ 2018ರ ಪಂಚಾಯತ್ ಕಾಯಿದೆಯಂತೆ ಇಲ್ಲಿನ ಗ್ರಾಮ ಪಂಚಾಯತಿಗಳು ಬಜೆಟ್ಟಿನಲ್ಲಿ ನೂರಕ್ಕೆ 10 ಪಾಲು ಹಸಿರಿಗೆ ಇಡಬೇಕು. ನೆಟ್ಟ ಗಿಡಗಳಲ್ಲಿ ನೂರಕ್ಕೆ 85 ಬದುಕದಿದ್ದರೆ ಸರಪಂಚರ ಕುರ್ಚಿಗೇ ಸಂಚಕಾರ! ಒಳ್ಳೆಯ ನಿಯಮವೇ. ಆದರೆ ಗಿಡ ಎಣಿಸಿದರೆ ಊರು ಬಿಡುವ ಹೊಗೆ ಎಷ್ಟೆಂದು ತಿಳಿಯುವುದಿಲ್ಲ.

ಅದಕ್ಕೂ ಒಂದು ಲೆಕ್ಕವಿದೆ. 2014ರಲ್ಲಿ ಜಗತ್ತಿನ ಊರು, ನಗರಗಳಿಗೆಲ್ಲ ಒಪ್ಪುವ ಕ್ರಮವೊಂದು ಬಂತು. ಹೊಗೆಯನ್ನು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ. ಊರಿನಲ್ಲಿ ಉರಿದ ಡೀಸೆಲ್, ಗ್ಯಾಸು, ಬಳಸಿದ ಕರೆಂಟು, ಬಿದ್ದ ಕಸ ಇವನ್ನು ಕೂಡಿಸಿ, ಒಂದೊಂದನ್ನೂ ಗೊತ್ತಾದ ಅಂಕಿಯಿಂದ ಗುಣಿಸುತ್ತಾರೆ. ಕಲ್ಲಿದ್ದಲು ಬೇರೆಲ್ಲೋ ಉರಿದರೂ ಕರೆಂಟು ಬಳಸಿದ ಊರಿನ ಲೆಕ್ಕಕ್ಕೂ ಅದು ಸೇರುತ್ತದೆ.

ತಾಂಡೂರಿನ ಸಿಮೆಂಟ್ ಕಾರ್ಖಾನೆಗಳದು ಬೇರೆಯೇ ಕಥೆ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೆಕ್ಕದ ಸರಳ ಹಂತದಲ್ಲಿ ಇದನ್ನು ಬಿಡಬಹುದಂತೆ, ವಿಸ್ತಾರ ಹಂತದಲ್ಲಷ್ಟೇ ಸೇರಿಸಬೇಕು. ಇದನ್ನು ಬಿಟ್ಟರೆ ತಾಂಡೂರಿನ ಲೆಕ್ಕದಲ್ಲಿ ಉಳಿಯುವುದೇನು?

ಬೆಂಗಳೂರು ಮಹಾನಗರ ಪಾಲಿಕೆ 2023ರ ನವೆಂಬರಿನಲ್ಲಿ ತನ್ನ ಹವಾಮಾನ ಯೋಜನೆ ಪ್ರಕಟಿಸಿತು. 2025ರಲ್ಲಿ ಆ ಪಾಲಿಕೆಯೇ ಐದು ಭಾಗವಾಯಿತು. ದೊಡ್ಡ ಊರುಗಳಿಗೆ ಮಾತ್ರ ಇದು ಸಾಧ್ಯವೆನ್ನಬೇಡಿ. ವಯನಾಡಿನ ಮೀನಂಗಾಡಿ ಗ್ರಾಮ ಪಂಚಾಯತಿ 2016ರಲ್ಲೇ ಈ ಕೆಲಸಕ್ಕೆ ಕೈಹಾಕಿತು.

ಧಾರೂರಿನಲ್ಲಿ ಹೊಲದ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ, ಮೀಟರಿಲ್ಲ. ಲೆಕ್ಕ ಬರೆಯಲು ಕುಳಿತವರ ಪೆನ್ನು ಮೊದಲು ನಿಲ್ಲುವುದು ಅಲ್ಲೇ.